ನಿದ್ದೆಯಲ್ಲಿ ನಿಲ್ಲುವ ಉಸಿರು

ಗೊರಕೆಯೆಂಬುದು ನಮ್ಮ ಮನೆಗಳಲ್ಲಿ ನಗೆಗೆ ವಸ್ತುವಾಗಿರುವುದೇ ಹೊರತು ಚಿಂತೆಗೆ ವಸ್ತುವಾಗಿಲ್ಲ. ಮದುವೆಯ ಮನೆಯಲ್ಲಿ ಹತ್ತು ಜನ ಸಾಲಾಗಿ ಜಮಖಾನದ ಮೇಲೆ ಮಲಗಿದ ರಾತ್ರಿ, ಯಾರ ಗೊರಕೆ ಯಾರ ನಿದ್ದೆಯನ್ನು ಕೆಡಿಸಿತೆಂಬುದು ಬೆಳಗಿನ ಕಾಫಿಯ ಹೊತ್ತಿಗೆ ಒಳ್ಳೆಯ ಹರಟೆ. ನಾವೂ ಆ ಹರಟೆಯಲ್ಲಿ ಪಾಲುಗೊಂಡವರೇ. ಆದುದರಿಂದ ಈಗ ಹೇಳಹೊರಟಿರುವ ಸಂಗತಿಯಲ್ಲಿ ತಪ್ಪಿತಸ್ಥರೆಂದು ಯಾರನ್ನಾದರೂ ಹೆಸರಿಸಬೇಕಾದರೆ ಮೊದಲು ನಮ್ಮನ್ನೇ ಹೆಸರಿಸತಕ್ಕದ್ದೆಂದು ವಾಚಕರಲ್ಲಿ ಮುಂದಾಗಿಯೇ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮನ್ನು ಸಾಕಿ ಓದಿಸಿದವರು ನಮ್ಮ ಚಿಕ್ಕಪ್ಪನವರು. ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದು ನಿವೃತ್ತರಾದವರು. ೨೦೧೪ನೆಯ ಇಸವಿಯಲ್ಲಿ, ತಮ್ಮ ಅರವತ್ತೆಂಟನೆಯ ವಯಸ್ಸಿನಲ್ಲಿ, ಅವರಿಗೆ ಹೃದಯಾಘಾತವಾಯಿತು. ಪ್ರಾಣವೇನೋ ಉಳಿಯಿತು, ಆದರೆ ಹೃದಯದ ಮಾಂಸಖಂಡದ ಒಂದು ಭಾಗ ಸತ್ತುಹೋಗಿ ಅದರ ಬಲ ಕುಂದಿತು. ನೆಟ್ಟಗಿರುವ ಹೃದಯವು ಒಂದೊಂದು ಬಡಿತಕ್ಕೆ ತನ್ನಲ್ಲಿ ತುಂಬಿದ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹೊರಕ್ಕೆ ತಳ್ಳುತ್ತದೆ. ಚಿಕ್ಕಪ್ಪನವರ ಹೃದಯ ನೂರಕ್ಕೆ ಮೂವತ್ತು ಭಾಗವನ್ನು ಮಾತ್ರ ತಳ್ಳುತ್ತಿದೆಯೆಂದು ಎಕೋ ಪರೀಕ್ಷೆಯಲ್ಲಿ ಕಂಡಿತು. ಇದಕ್ಕೆ ವೈದ್ಯರು ಹಾರ್ಟ್ ಫೇಲ್ಯೂರ್ ಎನ್ನುವರು. ಹೆಸರು ಕೇಳಿದೊಡನೆ ಹೃದಯ ನಿಂತೇಹೋಯಿತೆಂದು ನಾವು ಗಾಬರಿಗೊಂಡೆವು. ಅದರ ಅರ್ಥ ಹಾಗಲ್ಲವಂತೆ. ಕಪಿಲೆಗೆ ಕಟ್ಟಿದ ಮುದಿಯೆತ್ತು ನಿಲ್ಲದೆ ಎಳೆಯುತ್ತಲೇ ಇರುತ್ತದೆ, ಆದರೆ ತೋಟಕ್ಕೆ ಬೇಕಾದಷ್ಟು ನೀರು ಮೇಲೆ ಬರುವುದಿಲ್ಲ. ಬಂದ ನೀರೂ ಹರಿಯಬೇಕಾದ ಕಡೆ ಹರಿಯದೆ ಅಲ್ಲಲ್ಲಿ ನಿಲ್ಲುತ್ತದೆ. ಹೀಗೆ ನಿಂತ ನೀರೇ ಕಾಲಿನ ಬಾವು, ಶ್ವಾಸಕೋಶದ ಭಾರ.

ನಾಲ್ಕು ವರ್ಷ ಹೇಗೋ ಕಳೆಯಿತು. ೨೦೧೮ರ ಡಿಸೆಂಬರ್ ತಿಂಗಳ ಚಳಿಯಲ್ಲಿ ನಾವು ಬೆಂಗಳೂರಿನಿಂದ ಅವರನ್ನು ನೋಡಲು ಹೋಗಿದ್ದಾಗ ಚಿಕ್ಕಮ್ಮ ನಮ್ಮನ್ನು ಅಡಿಗೆಯ ಮನೆಗೆ ಕರೆದು, ತಗ್ಗಿದ ದನಿಯಲ್ಲಿ, “ಇವರಿಗೆ ರಾತ್ರಿ ನಿದ್ದೆಯಲ್ಲಿ ಉಸಿರು ನಿಂತುಹೋಗುತ್ತದೆ, ಮಗು” ಎಂದರು. ನಾವು ನಕ್ಕೆವು. “ಉಸಿರು ನಿಂತರೆ ಬೆಳಿಗ್ಗೆ ಎದ್ದು ನಿಮ್ಮ ಹತ್ತಿರ ಕಾಫಿ ಕೇಳುವವರು ಯಾರು, ಚಿಕ್ಕಮ್ಮ?” ಎಂದೆವು. ವಯಸ್ಸಾದವರ ನಿದ್ದೆಯೇ ಹಾಗೆ, ನೀವು ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಎಂದು ಬುದ್ಧಿ ಬೇರೆ ಹೇಳಿದೆವು. ಆಕೆ ಮರುಮಾತಾಡಲಿಲ್ಲ. ಸಾರಿಗೆ ಒಗ್ಗರಣೆ ಹಾಕಲು ತಿರುಗಿಕೊಂಡರು. ಆ ತಿರುಗಿದ ಬೆನ್ನು ನಮಗೆ ಇಂದಿಗೂ ಮರೆತಿಲ್ಲ.

ಮುಂದಿನ ತಿಂಗಳು ಸಂಕ್ರಾಂತಿಗೆ ಹೋದಾಗ ಮನೆ ತುಂಬ ನೆಂಟರು. ಮಲಗಲು ಎಡೆ ಸಾಲದೆ ನಮ್ಮ ಹಾಸಿಗೆಯನ್ನು ಚಿಕ್ಕಪ್ಪನವರ ಕೋಣೆಯಲ್ಲಿಯೇ ಹಾಸಿದರು. ನಡುರಾತ್ರಿಯಲ್ಲಿ ನಮಗೆ ಎಚ್ಚರವಾಯಿತು. ಸದ್ದಿನಿಂದ ಎಚ್ಚರವಾದುದಲ್ಲ, ಕೋಣೆಯಲ್ಲಿ ಇರಬೇಕಾದ ಒಂದು ಸದ್ದು ಇಲ್ಲವಾದುದರಿಂದ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿದೆ, ಮಂಚದ ಕಡೆಯಿಂದ ಏನೂ ಇಲ್ಲ. ರಾತ್ರಿಯ ದೀಪದ ಮಂದ ಬೆಳಕಿನಲ್ಲಿ ನೋಡಿದೆವು: ಹೊದಿಕೆ ಅಲುಗುತ್ತಿಲ್ಲ. ಹದಿನೈದು, ಇಪ್ಪತ್ತು, ಇಪ್ಪತ್ತೈದು... ನಮಗರಿಯದಂತೆಯೇ ನಾವೂ ಉಸಿರು ಬಿಗಿಹಿಡಿದಿದ್ದೆವು. ಆಮೇಲೆ, ಇದೆಯೋ ಇಲ್ಲವೋ ಎನ್ನುವಂಥ ಒಂದು ಸಣ್ಣ ಉಸಿರು. ಅದರ ಹಿಂದೆ ಸ್ವಲ್ಪ ದೊಡ್ಡದು, ಇನ್ನೂ ದೊಡ್ಡದು. ಮಹಡಿಯ ಮೆಟ್ಟಿಲನ್ನು ಓಡಿ ಹತ್ತಿದವನಂತೆ ಏದುಸಿರು. ಮತ್ತೆ ಇಳಿಮುಖವಾಗಿ ಕಿರಿದಾಗುತ್ತ ಆಗುತ್ತ, ಪುನಃ ಮೌನ. ಒಂದು ಸುತ್ತಿಗೆ ಸುಮಾರು ಒಂದು ನಿಮಿಷ. ಅದು ಮುಗಿದೊಡನೆ ಇನ್ನೊಂದು ಸುತ್ತು. ಎರಡು ಗಂಟೆಯ ಹೊತ್ತಿಗೆ ಚಿಕ್ಕಪ್ಪ ದಡಕ್ಕನೆ ಎದ್ದು ಕುಳಿತು, ಕಿಟಕಿಯ ಬಾಗಿಲು ತೆರೆದು, ಸರಳು ಹಿಡಿದು ನಿಂತರು. ಚಿಕ್ಕಮ್ಮ ಆಚೆಯ ಮಗ್ಗುಲಿನಿಂದ ಎದ್ದು ಅವರ ಹೆಗಲಿಗೆ ಶಾಲು ಹೊದಿಸಿದರು. ಇಬ್ಬರೂ ಮಾತಾಡಲಿಲ್ಲ. ಇದು ಅವರಿಗೆ ದಿನದಿನದ ಪರಿಪಾಟಿಯಾಗಿ ಹೋಗಿದೆಯೆಂಬುದು ನೋಡಿದೊಡನೆ ತಿಳಿಯುವಂತಿತ್ತು.

ಬೆಳಿಗ್ಗೆ ನಾವು ತಲೆ ತಗ್ಗಿಸಿಕೊಂಡು ಅಡಿಗೆಯ ಮನೆಗೆ ಹೋದೆವು. ಚಿಕ್ಕಮ್ಮ ನಮ್ಮನ್ನು ಜರೆಯಲಿಲ್ಲ. ಹಾಲಿನ ಲೆಕ್ಕದ ಪುಸ್ತಕವನ್ನು ತಂದು ಮುಂದಿಟ್ಟರು. ಅದರ ಹಿಂದಿನ ಪುಟಗಳಲ್ಲಿ ತಾರೀಖಿನ ಮುಂದೆ ಅಂಕಿಗಳು: ೨೦, ೨೨, ೩೦, ೨೫. ಗಡಿಯಾರದ ಸದ್ದನ್ನು ಹಿಡಿದು ಆಕೆ ಎಣಿಸಿದ ಲೆಕ್ಕ. ಎರಡು ತಿಂಗಳ ಹಿಂದಿನಿಂದಲೂ ಇತ್ತು. ಗಣಿತದ ಮೇಷ್ಟರ ಹೆಂಡತಿಯಲ್ಲವೆ!

ಆ ಪುಸ್ತಕವನ್ನೂ ಚಿಕ್ಕಪ್ಪನವರನ್ನೂ ಕರೆದುಕೊಂಡು ಬೆಂಗಳೂರಿನ ಹೃದಯರೋಗದ ವೈದ್ಯೆಯೊಬ್ಬರ ಬಳಿಗೆ ಹೋದೆವು. ಇನ್ನೂ ಚಿಕ್ಕ ವಯಸ್ಸಿನಾಕೆ. ಎಕೋ ಕಾಗದವನ್ನು ಬದಿಗಿಟ್ಟು ಮೊದಲು ಹಾಲಿನ ಪುಸ್ತಕವನ್ನೇ ಓದಿದರು. “ಇದನ್ನು ಬರೆದವರು ಯಾರು?” ಎಂದು ಕೇಳಿದಾಗ, ಹಾಲಿನವನ ಬಾಕಿಯೆಲ್ಲ ಅದರಲ್ಲಿದ್ದುದರಿಂದ ಚಿಕ್ಕಮ್ಮನಿಗೆ ನಾಚಿಕೆಯಾಯಿತು. ವೈದ್ಯೆ ಹೇಳಿದರು: ಇಂಥ ಉಸಿರಾಟವನ್ನು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಜಾನ್ ಚೇನ್ ಎಂಬ ವೈದ್ಯನು ೧೮೧೮ರಲ್ಲಿ, ಅದೇ ಊರಿನ ವಿಲಿಯಂ ಸ್ಟೋಕ್ಸ್ ಎಂಬಾತನು ೧೮೫೪ರಲ್ಲಿ ಬರೆದಿಟ್ಟರು, ಇಬ್ಬರ ಹೆಸರಿನಿಂದಲೂ ಅದಕ್ಕೆ ಚೇನ್–ಸ್ಟೋಕ್ಸ್ ಉಸಿರಾಟವೆಂದೇ ಹೆಸರಾಗಿದೆ, ಚೇನನೂ ರೋಗಿಯ ಮಗ್ಗುಲಲ್ಲಿ ಕುಳಿತು, ಉಸಿರು ಕಾಲು ನಿಮಿಷ ನಿಂತು ಮತ್ತೆ ಮೊದಲಾಗುವುದನ್ನು ಕಣ್ಣಾರೆ ಕಂಡೇ ಬರೆದದ್ದು. “ನೀವು ಮಾಡಿದ್ದೂ ಅದೇ, ಅಮ್ಮ” ಎಂದರು. ಚಿಕ್ಕಮ್ಮ ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡರು.

ಒಂದು ರಾತ್ರಿ ಆಸ್ಪತ್ರೆಯಲ್ಲಿ ಚಿಕ್ಕಪ್ಪನವರ ತಲೆಗೂ ಎದೆಗೂ ಮೂಗಿಗೂ ಬೆರಳಿಗೂ ತಂತಿಗಳನ್ನು ಅಂಟಿಸಿ ನಿದ್ದೆಯ ಪರೀಕ್ಷೆ ಮಾಡಿದರು. ಹತ್ತು ಸೆಕೆಂಡಿಗೆ ಕಡಮೆಯಿಲ್ಲದಂತೆ ಉಸಿರು ನಿಂತರೆ, ಅಥವಾ ಚೆನ್ನಾಗಿ ಕುಗ್ಗಿದರೆ, ಅದನ್ನು ಒಂದು ಸಲವೆಂದು ಲೆಕ್ಕ ಹಿಡಿಯುವರು. ಗಂಟೆಗೆ ೫ರ ಒಳಗಿದ್ದರೆ ಚಿಂತೆಯಿಲ್ಲ. ೧೫ ದಾಟಿದರೆ ಗಮನಿಸತಕ್ಕದ್ದು. ೩೦ ದಾಟಿದರೆ ತೀವ್ರವಾದುದು. ಚಿಕ್ಕಪ್ಪನವರಿಗೆ ೩೮ ಬಂದಿತು.

ಇಲ್ಲಿ ಒಂದು ಭೇದವನ್ನು ವಾಚಕರು ಚೆನ್ನಾಗಿ ಗ್ರಹಿಸಬೇಕು. ನಮ್ಮ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ನಿದ್ದೆಯಲ್ಲಿ ಉಸಿರು ನಿಲ್ಲುವುದು ಎರಡು ಬಗೆ. ಒಂದರಲ್ಲಿ ಗಂಟಲು ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಹೊಟ್ಟೆಗಳು ಗುದ್ದಾಡುತ್ತಿರುತ್ತವೆ, ಗಾಳಿ ಮಾತ್ರ ಒಳಕ್ಕೆ ಹೋಗದು. ದೊಡ್ಡ ಗೊರಕೆಯವರದು ಸಾಮಾನ್ಯವಾಗಿ ಈ ಬಗೆ. ಇನ್ನೊಂದರಲ್ಲಿ ದಾರಿ ತೆರೆದೇ ಇರುತ್ತದೆ. ಆದರೆ ಉಸಿರಾಡೆಂದು ಮಿದುಳಿನಿಂದ ಬರಬೇಕಾದ ಅಪ್ಪಣೆಯೇ ಬರುವುದಿಲ್ಲ, ಎದೆ ಕಲ್ಲಿನಂತೆ ಸುಮ್ಮನಿರುತ್ತದೆ. ಹಳೆಯ ಹೃದಯದೌರ್ಬಲ್ಯವುಳ್ಳವರಲ್ಲಿ ಅರ್ಧಕ್ಕರ್ಧ ಜನರಿಗೆ ಈ ಎರಡರಲ್ಲೊಂದೋ ಎರಡೂ ಬೆರೆತೋ ಇರುವುದಂತೆ. ಚಿಕ್ಕಪ್ಪನವರದು ಬಹುಪಾಲು ಎರಡನೆಯ ಬಗೆ.

ಅಪ್ಪಣೆ ಏಕೆ ಬರುವುದಿಲ್ಲ? ನಾವು ಕೇಳಿದಾಗ ವೈದ್ಯೆ ವಿವರಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಮಾಳಿಗೆಯ ಮೇಲೆ ಸೋಲಾರ್ ಹಂಡೆಯಿರುವ ಮನೆಯಲ್ಲಿ ಸ್ನಾನಕ್ಕೆ ನಿಂತವರಿಗೆ ಈ ಪಾಡು ಗೊತ್ತು. ನಲ್ಲಿ ತಿರುಗಿಸಿದರೆ ತಣ್ಣೀರೇ ಬರುತ್ತದೆ, ಇನ್ನಷ್ಟು ತಿರುಗಿಸುತ್ತೇವೆ, ಕೊಳವೆಯ ಉದ್ದವನ್ನೆಲ್ಲ ದಾಟಿ ಬಿಸಿನೀರು ಬರುವ ಹೊತ್ತಿಗೆ ಅದು ಮೈ ಸುಡುವಷ್ಟಾಗಿರುತ್ತದೆ, ಬೆದರಿ ಪೂರ್ತಿ ಮುಚ್ಚುತ್ತೇವೆ, ಮತ್ತೆ ತಣ್ಣೀರು. ಸುದ್ದಿ ತಡವಾಗಿ ಬರುವುದೇ ಈ ತೊಂದರೆಗೆ ಕಾರಣ. ಮಿದುಳು ರಕ್ತದಲ್ಲಿನ ಇಂಗಾಲಾಮ್ಲ ವಾಯುವನ್ನು ನೋಡಿ ಉಸಿರಿಗೆ ಅಪ್ಪಣೆ ಕೊಡುತ್ತದೆ. ದುರ್ಬಲವಾದ ಹೃದಯದಲ್ಲಿ ರಕ್ತ ಮೆಲ್ಲಗೆ ಹರಿಯುವುದರಿಂದ ಶ್ವಾಸಕೋಶದ ಸುದ್ದಿ ಮಿದುಳಿಗೆ ತಡವಾಗಿ ಮುಟ್ಟುತ್ತದೆ. ಮೇಲಾಗಿ ಶ್ವಾಸಕೋಶದಲ್ಲಿ ನೀರಿನ ಒತ್ತಡವಿದ್ದರೆ ಅದು ಉಸಿರನ್ನು ಕೆರಳಿಸಿ ಬೇಕಾದುದಕ್ಕಿಂತ ಹೆಚ್ಚಾಗಿ ಆಡಿಸುತ್ತದೆ. ಹಾಗೆ ಆಡಿ ಆಡಿ ಇಂಗಾಲಾಮ್ಲ ತೀರ ಇಳಿದಾಗ, ಇನ್ನು ಉಸಿರು ಬೇಡವೆಂದು ಮಿದುಳು ಸುಮ್ಮನಾಗುತ್ತದೆ. ಹಗಲೆಲ್ಲ ಕಾಲಿನಲ್ಲಿ ನಿಂತ ನೀರು, ಮಲಗಿದೊಡನೆ ಮೇಲ್ಮುಖವಾಗಿ ಎದೆಗೂ ಕೊರಳಿಗೂ ಹರಿದು ಎರಡು ಬಗೆಯ ತೊಂದರೆಯನ್ನೂ ಹೆಚ್ಚಿಸುತ್ತದೆ. ಇಂಥ ರೋಗಿಗಳಲ್ಲಿ ಅನೇಕರಿಗೆ ಹಗಲು ತೂಕಡಿಕೆಯೂ ಕಾಣದಿರುವುದರಿಂದ ಹೊರಗಿನವರಿಗೆ ಅನುಮಾನವೇ ಬರುವುದಿಲ್ಲ. ಚಿಕ್ಕಪ್ಪನವರು ಮಧ್ಯಾಹ್ನವೆಲ್ಲ ಪದಬಂಧ ಬಿಡಿಸುತ್ತ ಕುಳಿತಿರುತ್ತಿದ್ದರು.

ಇಷ್ಟು ತಿಳಿದ ಮೇಲೆ ಮನೆಯವರೆಲ್ಲ ಚಿಕಿತ್ಸೆಯ ಯೋಚನೆಗೆ ತೊಡಗಿದೆವು. ಚಿಕ್ಕಪ್ಪನವರ ಮಗ, ನಮ್ಮ ತಮ್ಮ, ಕ್ಯಾಲಿಫೋರ್ನಿಯಾದಲ್ಲಿರುವವನು, ಅಂದು ರಾತ್ರಿಯೇ ಟೆಲಿಫೋನು ಮಾಡಿದನು. ಅವನ ಸ್ನೇಹಿತನ ಮನೆಯಲ್ಲಿ ಎ.ಎಸ್.ವಿ. ಎಂಬ ಯಂತ್ರವೊಂದು ಬಳಕೆಯಿಲ್ಲದೆ ಬಿದ್ದಿದೆ. ಮೂಗಿಗೆ ಮುಸುಕು ಕಟ್ಟಿ ಮಲಗಿದರೆ ಅದು ಒಂದೊಂದು ಉಸಿರನ್ನೂ ಅಳೆಯುತ್ತದೆ, ಕಡಮೆಯಾದಾಗ ತಾನೇ ಗಾಳಿ ತಳ್ಳುತ್ತದೆ, ಹೆಚ್ಚಾದಾಗ ತಾನೇ ತಗ್ಗುತ್ತದೆ. ಬರುವವರ ಕೈಯಲ್ಲಿ ಕಳುಹಿಸುತ್ತೇನೆ, ಎಂದನು. ನಮಗಾದ ಸಂತೋಷಕ್ಕೆ ಪಾರವಿಲ್ಲ. ನಿಂತ ಉಸಿರಿಗೆ ಉಸಿರು ಕೊಡುವ ಯಂತ್ರ! ಇದಕ್ಕಿಂತ ನೇರವಾದ ಮದ್ದು ಉಂಟೆ? ಮಂಚದ ಬಳಿಯ ಗೂಡಿನಿಂದ ಪುಸ್ತಕಗಳನ್ನು ಇಳಿಸಿ ಎಡೆ ಮಾಡಿಯೂ ಆಯಿತು.

ಯಂತ್ರವನ್ನು ಹೇಗೆ ಹೊಂದಿಸಬೇಕೆಂದು ಕೇಳುವುದಕ್ಕಾಗಿ ವೈದ್ಯೆಗೆ ಫೋನು ಮಾಡಿದೆವು. ಆಕೆ, “ಕೂಡದು. ದಯವಿಟ್ಟು ಅದನ್ನು ಅವರ ಮುಖಕ್ಕೆ ಕಟ್ಟಬೇಡಿ” ಎಂದರು.

ನಮಗೆ ಸಿಟ್ಟು ಬಂದಿತೆಂಬುದನ್ನು ಮರೆಮಾಚುವುದಿಲ್ಲ. ಕಣ್ಣೆದುರಿಗೆ ಉಸಿರು ನಿಲ್ಲುತ್ತಿರುವವರಿಗೆ ಗಾಳಿ ಕೊಡುವುದು ಬೇಡವೆಂದರೆ ಇದೆಂಥ ವೈದ್ಯವೆಂದು ಜೋರಾಗಿಯೇ ಕೇಳಿದೆವು. ಆಕೆ ಬೇಸರಿಸದೆ, ಮರುದಿನ ಬರಹೇಳಿ, ಅರ್ಧ ಗಂಟೆ ಕುಳ್ಳಿರಿಸಿಕೊಂಡು ಹೇಳಿದ ಚರಿತ್ರೆ ಇದು.

ಮುಸುಕಿನ ಮೂಲಕ ಒಂದೇ ಒತ್ತಡದ ಗಾಳಿಯನ್ನು ಬಿಡುತ್ತ ಗಂಟಲಿನ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಎಂಬ ಉಪಾಯವನ್ನು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ೧೯೮೧ರಲ್ಲಿ ಪ್ರಕಟಿಸಿದರು. ಗಂಟಲು ಮುಚ್ಚುವ ಬಗೆಗೆ ಅದು ಬಲು ಒಳ್ಳೆಯದು. ಹೃದಯದೌರ್ಬಲ್ಯದವರ ಎರಡನೆಯ ಬಗೆಗೂ ಆಗಬಹುದೇ ಎಂದು ಕೆನಡಾ ದೇಶದವರು ೨೫೮ ರೋಗಿಗಳಲ್ಲಿ ಪರೀಕ್ಷಿಸಿ ೨೦೦೫ರಲ್ಲಿ ಫಲವನ್ನು ತಿಳಿಸಿದರು: ರಾತ್ರಿಯ ಉಸಿರು ಸುಧಾರಿಸಿತು, ರಕ್ತದ ಆಮ್ಲಜನಕ ಏರಿತು, ಆಯುಸ್ಸು ಮಾತ್ರ ಹೆಚ್ಚಲಿಲ್ಲ. ಆಗ ಎಲ್ಲರ ಆಸೆಯೂ ಹೆಚ್ಚು ಜಾಣ ಯಂತ್ರವಾದ ಎ.ಎಸ್.ವಿ.ಯ ಮೇಲೆ ನೆಟ್ಟಿತು. ಹೃದಯದ ತಳ್ಳುವ ಬಲ ನೂರಕ್ಕೆ ೪೫ ಅಥವಾ ಅದಕ್ಕಿಂತ ಕಡಮೆಯಿದ್ದು, ಎದೆಯೇ ಸುಮ್ಮನಾಗುವ ಬಗೆಯ ತೊಂದರೆಯಿದ್ದ ೧೩೨೫ ರೋಗಿಗಳನ್ನು ಆರಿಸಿ, ಅರ್ಧ ಜನಕ್ಕೆ ಯಂತ್ರವನ್ನು ಕೊಟ್ಟು ಅರ್ಧ ಜನಕ್ಕೆ ಕೊಡದೆ, ವರ್ಷಗಟ್ಟಲೆ ನೋಡಿದರು. ಅದಕ್ಕೆ ಸರ್ವ್–ಎಚ್‌ಎಫ್ ಪರೀಕ್ಷೆಯೆಂದು ಹೆಸರು. ೨೦೧೫ರಲ್ಲಿ ಫಲ ಹೊರಬಿತ್ತು. ಯಂತ್ರವು ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು. ಉಸಿರು ನಿಲ್ಲುವುದು ಬಹುಮಟ್ಟಿಗೆ ಇಲ್ಲವಾಗಿತ್ತು. ಆದರೆ ಹೃದಯ ಮತ್ತು ರಕ್ತನಾಳಗಳ ಕಾರಣದಿಂದ ಸತ್ತವರು, ಯಂತ್ರವಿಲ್ಲದವರಲ್ಲಿ ನೂರಕ್ಕೆ ೨೪, ಯಂತ್ರ ಕಟ್ಟಿಕೊಂಡವರಲ್ಲಿ ನೂರಕ್ಕೆ ಸುಮಾರು ೩೦! ಯಂತ್ರ ಮಾಡಿದ ಕಂಪನಿಯವರೇ ಆ ವರ್ಷದ ಮೇ ತಿಂಗಳಿನಲ್ಲಿ, ಇಂಥ ರೋಗಿಗಳಿಗೆ ಇದನ್ನು ಕೊಡಬೇಡಿರೆಂದು ವೈದ್ಯರಿಗೆ ಎಚ್ಚರಿಕೆ ಕಳುಹಿಸಿದರು.

ಕಾರಣವೇನೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಎದೆಯೊಳಗಿನ ಗಾಳಿಯ ಒತ್ತಡವು ಮೊದಲೇ ಬಳಲಿದ ಹೃದಯಕ್ಕೆ ರಕ್ತ ಬರುವುದನ್ನು ಕಡಮೆಮಾಡುವುದೆಂದು ಕೆಲವರು. ಏರಿಳಿಯುವ ಆ ಉಸಿರಾಟವು ರೋಗದ ನಡುವೆ ದೇಹವು ತಾನಾಗಿ ಕಂಡುಕೊಂಡ ಒಂದು ಬಿಡುವಾಗಿರಬಹುದು, ಅದನ್ನು ಬಲವಂತದಿಂದ ತಿದ್ದಿದ್ದೇ ತಪ್ಪಾಯಿತೆಂದು ಇನ್ನು ಕೆಲವರು. ನಮಗಂತೂ ಮೈ ಜುಮ್ಮೆಂದಿತು. ಆ ಫೋನನ್ನು ಮಾಡದಿದ್ದರೆ, ಪ್ರೀತಿಯಿಂದಲೇ, ನಮ್ಮ ಕೈಯಿಂದಲೇ, ಎಂಥ ಕೆಲಸ ನಡೆದುಹೋಗುತ್ತಿತ್ತು! ತಮ್ಮನಿಗೆ ಅಂದು ಸಂಜೆ ವಿಷಯ ತಿಳಿಸಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ.

“ಹಾಗಾದರೆ ಮಾಡುವುದೇನು?” ಎಂದು ಚಿಕ್ಕಪ್ಪ ಕೇಳಿದರು. “ಮೊದಲು ಹೃದಯಕ್ಕೆ ಆಗಬೇಕಾದ ಚಿಕಿತ್ಸೆ ಪೂರ್ತಿಯಾಗಲಿ, ಮೇಷ್ಟ್ರೇ. ಉಸಿರನ್ನು ಆಮೇಲೆ ನೋಡೋಣ” ಎಂದರು ವೈದ್ಯೆ. ಆಗ ಹೊರಬಿದ್ದಿತು ನೋಡಿ ನಮ್ಮ ಮನೆಯ ಗುಟ್ಟು! ಸಂಜೆಯ ನೀರಿಳಿಸುವ ಮಾತ್ರೆಯನ್ನು ಚಿಕ್ಕಪ್ಪನವರು ತಿಂಗಳುಗಳಿಂದ ನುಂಗುತ್ತಲೇ ಇರಲಿಲ್ಲ. ನುಂಗಿದರೆ ರಾತ್ರಿ ಮೂರು ಸಲ ಬಚ್ಚಲಿಗೆ ಏಳಬೇಕು, ಚಿಕ್ಕಮ್ಮನ ನಿದ್ದೆ ಕೆಡುತ್ತದೆ ಎಂದು ಕಿಟಕಿಯ ಆಚೆಗೆ ಎಸೆಯುತ್ತಿದ್ದರಂತೆ. ಇತ್ತ ಚಿಕ್ಕಮ್ಮ ಉಸಿರೆಣಿಸುತ್ತ ಎಚ್ಚರವಾಗಿಯೇ ಇದ್ದರು. ನಲವತ್ತೈದು ವರ್ಷದ ದಾಂಪತ್ಯದಲ್ಲಿ ಒಬ್ಬರ ನಿದ್ದೆಗಾಗಿ ಇನ್ನೊಬ್ಬರು ಹೀಗೆ ಕಣ್ಣುಮುಚ್ಚಾಲೆ ಆಡಿದ್ದನ್ನು ಕೇಳಿ ವೈದ್ಯೆ ನಗಲೂ ಆರದೆ ಗದರಲೂ ಆರದೆ, ಮಾತ್ರೆಯನ್ನು ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬದಲಾಯಿಸಿ ಬರೆದರು. ಹಳೆಯ ಮಾತ್ರೆಯೊಂದನ್ನು ತೆಗೆದು ಸಕುಬಿಟ್ರಿಲ್ ವಾಲ್ಸಾರ್ಟಾನ್ ಎಂಬ ಜೋಡಿ ಮದ್ದನ್ನು ಕೊಟ್ಟರು. ಬಡಿತವನ್ನು ನಿಧಾನಗೊಳಿಸುವ ಮಾತ್ರೆಯನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸಿದರು.

ಉಪ್ಪಿನ ಜಗಳವನ್ನು ಮಾತ್ರ ಸಂಕ್ಷೇಪವಾಗಿ ಹೇಳಲಾರೆವು. ಸಾರಿಗೆ ಉಪ್ಪು ಕಡಮೆ ಮಾಡಲು ಚಿಕ್ಕಮ್ಮ ಒಡನೆಯೇ ಒಪ್ಪಿದರು. ಆದರೆ ಮಾವಿನ ಮಿಡಿಯ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಇವು ಉಪ್ಪಿನ ಲೆಕ್ಕಕ್ಕೆ ಸೇರುತ್ತವೆಂಬುದನ್ನು ದಂಪತಿಗಳಿಬ್ಬರೂ ಒಪ್ಪಲೊಲ್ಲರು. “ಅದು ಬರೀ ನಂಚಿಕೊಳ್ಳುವುದಕ್ಕಲ್ಲವೆ?” ಎಂಬ ವಾದ. ಕೊನೆಗೆ ತೂಕದ ಯಂತ್ರವೇ ತೀರ್ಪು ಕೊಟ್ಟಿತು. ದಿನವೂ ಬೆಳಿಗ್ಗೆ, ಕಾಫಿಗೆ ಮುಂಚೆ, ತೂಕ ನೋಡಿ ಬರೆಯಬೇಕೆಂದು ಅಪ್ಪಣೆಯಾಗಿತ್ತು; ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು, ತಡಮಾಡದೆ ತಿಳಿಸತಕ್ಕದ್ದೆಂದು ಹೇಳಿದ್ದರು. ಒಂದು ಶ್ರಾದ್ಧದೂಟದ ಮರುದಿನ ಒಂದೂವರೆ ಕಿಲೋ ಏರಿದ್ದನ್ನು ಸ್ವತಃ ಕಂಡು ಗಣಿತದ ಮೇಷ್ಟರು ಸೋತರು. ಜಾಡಿಗಳು ಅಟ್ಟ ಸೇರಿದವು. ಅಮೆರಿಕದ ಯಂತ್ರಕ್ಕೆಂದು ತೆರವು ಮಾಡಿದ್ದ ಗೂಡಿನಲ್ಲಿ ಮಾತ್ರೆಯ ಡಬ್ಬಿಯೂ ತೂಕದ ಲೆಕ್ಕವೂ ಕುಳಿತವು.

ಇನ್ನುಳಿದವು ಸಣ್ಣ ವಿಷಯಗಳು. ಅಂಗಾತ ಮಲಗುವುದಕ್ಕಿಂತ ಮಗ್ಗುಲಾಗಿ ಮಲಗಿದರೆ ಎರಡು ಬಗೆಯ ತೊಂದರೆಯೂ ಹಲವರಿಗೆ ಕಡಮೆಯಾಗುವುದುಂಟಾದ ಕಾರಣ ಬೆನ್ನಿಗೆ ಒಂದು ದಿಂಬಿನ ಒತ್ತು ಕೊಟ್ಟೆವು. ಮಂಚದ ತಲೆಯ ಕಡೆಯನ್ನು ಎತ್ತರಿಸಿದೆವು. ಪಕ್ಕದ ಮನೆಯವರು ಕೊಡಬಂದ ನಿದ್ದೆಯ ಮಾತ್ರೆಯನ್ನು, ಅದು ಕೆಲವರ ಉಸಿರನ್ನು ಇನ್ನಷ್ಟು ಕುಗ್ಗಿಸಬಹುದೆಂದು ವೈದ್ಯೆ ಹೇಳಿದ್ದರಿಂದ, ಕೈಮುಗಿದು ಹಿಂದಿರುಗಿಸಿದೆವು.

ಚಿಕ್ಕಮ್ಮನವರ ಪುಸ್ತಕದಲ್ಲಿ ಅಂಕಿಗಳು ಮೆಲ್ಲಮೆಲ್ಲಗೆ ಇಳಿದವು. ಮೂವತ್ತು ಹೋಗಿ ಇಪ್ಪತ್ತಾಯಿತು. ಆಮೇಲೆ ಕೆಲವು ರಾತ್ರಿ ಹದಿನೈದು, ಹನ್ನೆರಡು. ಆರು ತಿಂಗಳ ತರುವಾಯ ಪುನಃ ಮಾಡಿದ ನಿದ್ದೆಯ ಪರೀಕ್ಷೆಯಲ್ಲಿ ೩೮ ಇದ್ದದ್ದು ೧೬ಕ್ಕೆ ಬಂದಿತ್ತು. ಕಿಟಕಿಯ ಸರಳು ಹಿಡಿದು ನಿಲ್ಲುವುದು ತಪ್ಪಿತು. ಉಳಿದ ೧೬ರಲ್ಲಿ ಅರ್ಧದಷ್ಟು ಗಂಟಲು ಮುಚ್ಚುವ ಬಗೆಯಾಗಿದ್ದುದರಿಂದ ಸಿಪ್ಯಾಪನ್ನು ಬಾಡಿಗೆಗೆ ತಂದು ನೋಡಿದೆವು. ಚಿಕ್ಕಪ್ಪನವರು ಹನ್ನೊಂದು ರಾತ್ರಿ ಕಟ್ಟಿಕೊಂಡು, “ಸೊಂಡಿಲು ಗಣಪತಿಗೆ ಮಾತ್ರ ಚೆನ್ನ” ಎಂದು ಬಿಚ್ಚಿಟ್ಟರು. ವೈದ್ಯೆ ಒತ್ತಾಯಿಸಲಿಲ್ಲ. ಗಂಟಲಿನ ತೊಂದರೆ ಹೆಚ್ಚಾಗಿರುವವರು ಇವರನ್ನು ನೋಡಿ ಹಾಗೆ ಮಾಡಬಾರದೆಂದು ಮಾತ್ರ ನಾವು ಹೇಳಬಯಸುತ್ತೇವೆ. ನಮ್ಮ ನೆರೆಯಲ್ಲಿಯೇ ಒಬ್ಬರು ಅದನ್ನು ಕಟ್ಟಿಕೊಂಡ ಮೇಲೆ ಹತ್ತು ವರ್ಷದಲ್ಲಿ ಕಾಣದ ನಿದ್ದೆಯನ್ನು ಕಂಡರು.

ಇದಾದ ಮೇಲೂ ವೈದ್ಯಲೋಕ ಸುಮ್ಮನೆ ಕುಳಿತಿಲ್ಲ. ಉಸಿರಿನ ವಪೆಯನ್ನು ಆಡಿಸುವ ನರಕ್ಕೆ ಮಿಡಿತ ಕೊಡುವ ಸಾಧನವೊಂದನ್ನು ಎದೆಯ ಚರ್ಮದಡಿ ಇಡಲು ಅಮೆರಿಕದಲ್ಲಿ ೨೦೧೭ರಲ್ಲಿಯೇ ಅನುಮತಿಯಾಗಿತ್ತು. ಮೊದಲು ಸಕ್ಕರೆ ರೋಗಕ್ಕೆಂದು ಬಂದ ಡಾಪಾಗ್ಲಿಫ್ಲೋಜಿನ್ ಎಂಬ ಮಾತ್ರೆ, ಸಕ್ಕರೆ ರೋಗವಿಲ್ಲದ ಹೃದಯದೌರ್ಬಲ್ಯದವರಿಗೂ ಒಳ್ಳೆಯದೆಂದು ೨೦೧೯ರಲ್ಲಿ ತಿಳಿದುಬಂದು, ೨೦೨೧ರಲ್ಲಿ ಚಿಕ್ಕಪ್ಪನವರ ಡಬ್ಬಿಯನ್ನೂ ಸೇರಿತು. ಎ.ಎಸ್.ವಿ. ಜಾತಿಯ ಇನ್ನೊಂದು ಯಂತ್ರವನ್ನು ೭೩೧ ರೋಗಿಗಳಲ್ಲಿ ಪರೀಕ್ಷಿಸಿದ ಫಲ ೨೦೨೪ರಲ್ಲಿ ಪ್ರಕಟವಾಯಿತು: ಅದು ಕೇಡನ್ನು ಮಾಡಲಿಲ್ಲ, ಆಯುಸ್ಸನ್ನೂ ಬೆಳೆಸಲಿಲ್ಲ, ನಿದ್ದೆಯನ್ನು ಮಾತ್ರ ಉತ್ತಮಗೊಳಿಸಿತು. ನಮ್ಮ ತಮ್ಮ ಇದನ್ನು ಓದಿ ಪುನಃ ಆಸೆಯಿಂದ ಫೋನು ಮಾಡಿದ್ದನು. ಈ ಸಲ ನಾವು ಗೂಡನ್ನು ತೆರವು ಮಾಡಲಿಲ್ಲ. ಮೊದಲು ವೈದ್ಯೆಯನ್ನು ಕೇಳಿದೆವು. ಈಗ ಬೇಕಿಲ್ಲವೆಂದರು.

ಚಿಕ್ಕಪ್ಪನವರಿಗೆ ಎಂಬತ್ತು ಸಮೀಪಿಸಿದೆ. ಹೃದಯ ಹೊಸದಾಗಿಲ್ಲ; ನಡುವೆ ಎರಡು ಸಲ ಆಸ್ಪತ್ರೆಯನ್ನೂ ಕಂಡುಬಂದಿದ್ದಾರೆ. ಹೋದ ತಿಂಗಳು ಮೈಸೂರಿಗೆ ಹೋಗಿದ್ದಾಗ ನಾವು ಹಾಲಿನ ಪುಸ್ತಕವನ್ನು ತೆಗೆದು ಹಿಂದಿನ ಪುಟಗಳನ್ನು ತಿರುವಿದೆವು. ಅಲ್ಲಲ್ಲಿ ತಾರೀಖಿನ ಮುಂದೆ ಅಂಕಿಯೇ ಇಲ್ಲ. ಏನಾಯಿತೋ ಎಂದು ಎದೆ ಧಸಕ್ಕೆಂದಿತು. “ಇಲ್ಲಿ ಏಕೆ ಬರೆದಿಲ್ಲ, ಚಿಕ್ಕಮ್ಮ?” ಎಂದು ಕೇಳಿದೆವು.

“ಆ ದಿನಗಳಲ್ಲಿ ನನಗೂ ನಿದ್ದೆ ಬಂದುಬಿಟ್ಟಿತಪ್ಪಾ” ಎಂದು ಆಕೆ ತಪ್ಪೊಪ್ಪಿಕೊಳ್ಳುವವರಂತೆ ಹೇಳಿ, “ಅದಿರಲಿ, ಮುಂದಿನ ಪುಟ ನೋಡು. ಹಾಲಿನವನು ಮೂರು ದಿನ ಬರಲಿಲ್ಲ, ಲೀಟರಿಗೆ ಎರಡು ರೂಪಾಯಿ ಬೇರೆ ಏರಿಸಿದ್ದಾನೆ. ಬಾಕಿ ಎಷ್ಟಾಯಿತು, ಕೂಡಿ ಹೇಳು” ಎಂದರು. ನಾವು ಪೆನ್ಸಿಲು ಹುಡುಕುತ್ತಿದ್ದಂತೆಯೇ ಒಳಗಿನ ಕೋಣೆಯಿಂದ, ಪದಬಂಧದ ಮುಂದಿನಿಂದ, ಚಿಕ್ಕಪ್ಪನವರು ಮೊತ್ತವನ್ನು ಕೂಗಿ ಹೇಳಿದರು.